ಮೊದಲ ಸೋಲನ್ನು ಮನ್ನಿಸುವ ಅನುದಾನ

ಸಂಶೋಧನೆಗೆ ಎಷ್ಟು ಕೋಟಿ ಕೊಟ್ಟರು ಅನ್ನೋ ಚರ್ಚೆ ಪ್ರತಿ ಬಜೆಟ್‌ನಲ್ಲೂ ನಡೆಯುತ್ತೆ. ಆ ಹಣ ಎಷ್ಟು ವರ್ಷಕ್ಕೆ, ಯಾವ ಷರತ್ತಿನ ಮೇಲೆ ಅಂತ ಮಾತ್ರ ಯಾರೂ ಕೇಳಲ್ಲ. ಫಲಿತಾಂಶ ಬದಲಾಗೋದು ಅಲ್ಲೇ.

ಅಮೆರಿಕದ ಎಂಐಟಿಯ ಪಿಯರ್ ಅಜುಲೇ ಅರ್ಥಶಾಸ್ತ್ರಜ್ಞರು. ಅವರ ಅಧ್ಯಯನದ ವಸ್ತು ವಿಜ್ಞಾನಿಗಳ ವೃತ್ತಿಬದುಕು. ಜೋಶುವಾ ಗ್ರಾಫ್ ಜಿವಿನ್, ಗುಸ್ಟಾವೊ ಮಾನ್ಸೊ ಜೊತೆ 2011ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ಎರಡು ಬಗೆಯ ಅನುದಾನಗಳನ್ನು ಪಕ್ಕಪಕ್ಕ ಇಟ್ಟು ನೋಡಿತು.

ಮೊದಲನೆಯದು ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಕೊಡುವ ಆರ್-01 ಅನ್ನೋ ಅನುದಾನ. ಸಾಮಾನ್ಯವಾಗಿ 3ರಿಂದ 5 ವರ್ಷದ್ದು, ಒಂದು ನಿರ್ದಿಷ್ಟ ಯೋಜನೆಗೆ ಸೀಮಿತ. ಅರ್ಜಿ ಹಾಕುವಾಗಲೇ ಪ್ರಾಥಮಿಕ ಫಲಿತಾಂಶ ತೋರಿಸಬೇಕು. ಎರಡನೆಯದು ಅಲ್ಲಿನದೇ ಖಾಸಗಿ ದತ್ತಿಸಂಸ್ಥೆ ಹೋವರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆಯದು. ಆಗ ಅದರ ಅವಧಿ 5 ವರ್ಷ, ಹಣ ಯೋಜನೆಗಲ್ಲ, ವ್ಯಕ್ತಿಗೆ. ಮಧ್ಯದಲ್ಲಿ ದಾರಿ ಬದಲಿಸಬಹುದು. ಮೊದಲ ಮರುಪರಿಶೀಲನೆ ಅಷ್ಟು ಬಿಗಿಯಾಗಿರಲ್ಲ. ನವೀಕರಣ ಸಿಗದಿದ್ದರೂ ಹಣ ಒಮ್ಮೆಲೇ ನಿಲ್ಲಲ್ಲ, ಎರಡು ವರ್ಷದಲ್ಲಿ ಇಳಿಯುತ್ತಾ ಹೋಗುತ್ತೆ.

"ಹ್ಯೂಸ್‌ನವರು ಮೊದಲೇ ಜಾಣರನ್ನ ಆರಿಸ್ತಾರಲ್ಲ" ಅನ್ನೋದು ನ್ಯಾಯವಾದ ಆಕ್ಷೇಪ. ಅದಕ್ಕೇ ಹೋಲಿಕೆಗೆ ಎಲ್ಲ ಆರ್-01 ವಿಜ್ಞಾನಿಗಳನ್ನೂ ತಗೊಳ್ಳಲಿಲ್ಲ. ಎಳೆವಯಸ್ಸಲ್ಲೇ ಪ್ಯೂ, ಸರ್ಲ್, ಪ್ಯಾಕರ್ಡ್‌ನಂಥ ಪ್ರತಿಷ್ಠಿತ ಪುರಸ್ಕಾರ ಪಡೆದವರನ್ನು ಆರಿಸಿ, ಹಿಂದಿನ ಸಾಧನೆ ಸರಿತೂಗಿಸಿದರು. ಹಾಗೆ ಮಾಡಿದರೂ ಹ್ಯೂಸ್ ಅನುದಾನ ಪಡೆದವರ ಪ್ರಕಟಣೆ ಶೇ 39ರಷ್ಟು ಹೆಚ್ಚು. ಅತಿ ಹೆಚ್ಚು ಉಲ್ಲೇಖಗೊಳ್ಳುವ ಮೇಲಿನ ಶೇ 1ರ ಸಾಲಿನ ಪ್ರಬಂಧಗಳಲ್ಲಂತೂ ಈ ಅಂತರ ಶೇ 96. ಅವರು ಹೊಸ ವಿಷಯಗಳಿಗೆ ಕೈಹಾಕಿದ್ದೂ ಹೆಚ್ಚು, ಯಾರೂ ತಿರುಗಿ ನೋಡದ ಪ್ರಬಂಧ ಬರೆದದ್ದೂ ಹೆಚ್ಚು. ನನಗೆ ಅತಿ ಮುಖ್ಯವಾಗಿ ಕಾಣೋದು ಈ ಕೊನೆಯ ಮಾತು. ವಿಫಲ ಪ್ರಬಂಧಗಳೇ ಇಲ್ಲದ ಪ್ರಯೋಗಾಲಯ ಗೊತ್ತಿರೋದನ್ನೇ ಮತ್ತೆ ಮಾಡ್ತಿದೆ ಅಂತಲೇ ನನ್ನ ಅನುಮಾನ.

ಹ್ಯೂಸ್ ಹಣ ಮೊತ್ತದಲ್ಲೂ ದೊಡ್ಡದು. ಹಾಗಾಗಿ ಫಲಿತಾಂಶದಲ್ಲಿ ಸ್ವಾತಂತ್ರ್ಯದ ಪಾಲೆಷ್ಟು, ದುಡ್ಡಿನ ಪಾಲೆಷ್ಟು ಅಂತ ಪೂರ್ತಿ ಬಿಡಿಸಿ ಹೇಳೋದು ಕಷ್ಟ. ಆದರೆ ತಳಿವಿಜ್ಞಾನಿ ಮಾರಿಯೊ ಕಪೆಕ್ಕಿಯ ಪ್ರಸಂಗ ನೋಡಿ. 1980ರಲ್ಲಿ ಅವರು ಎನ್‌ಐಎಚ್‌ಗೆ ಮೂರು ಭಾಗದ ಅರ್ಜಿ ಹಾಕಿದರು. ಎರಡು ಭಾಗ ಪರಿಶೀಲಕರಿಗೆ ಹಿಡಿಸಿತು. ಸಸ್ತನಿ ಜೀವಕೋಶದಲ್ಲಿ ಬೇಕಾದ ವಂಶವಾಹಿಯನ್ನೇ ಗುರಿಯಿಟ್ಟು ಬದಲಿಸುವ ಮೂರನೇ ಭಾಗವನ್ನು ಬಿಡಿ ಅಂದರು. ಕಪೆಕ್ಕಿ ಬಂದ ಹಣದ ಬಹುಪಾಲನ್ನು ಅದಕ್ಕೇ ಹಾಕಿದರು. ನಾಲ್ಕು ವರ್ಷದ ನಂತರ ಅದೇ ಪರಿಶೀಲಕ ಮಂಡಳಿ, ನಮ್ಮ ಸಲಹೆ ಕೇಳದಿದ್ದದ್ದೇ ಒಳ್ಳೆಯದಾಯ್ತು ಅಂತ ಒಪ್ಪಿಕೊಂಡಿತು. 2007ರಲ್ಲಿ ಆ ಕೆಲಸಕ್ಕೆ ನೊಬೆಲ್ ಬಂತು. ಅವರು ನಿಯಮ ಪಾಲಿಸಿದ್ದರೆ?

ನಮ್ಮಲ್ಲಿ ಸಂಶೋಧನೆಗೆ ಹಣ ಕೊಡುತ್ತಿದ್ದ ಕೇಂದ್ರದ ಮಂಡಳಿ ಎಸ್‌ಇಆರ್‌ಬಿಯ ಕೋರ್ ರಿಸರ್ಚ್ ಗ್ರಾಂಟ್ ಸಾಮಾನ್ಯವಾಗಿ 3 ವರ್ಷದ್ದಾಗಿತ್ತು. ಉಪಕರಣ ಖರೀದಿಗೆ ಟೆಂಡರ್, ವಿದ್ಯಾರ್ಥಿಯ ನೇಮಕ, ತರಬೇತಿ ಮುಗಿಯೋ ಹೊತ್ತಿಗೆ ಅದರ ದೊಡ್ಡ ಪಾಲು ಕಳೆದಿರುತ್ತೆ. ಉಳಿದ ಕಾಲಕ್ಕೆ ಸರಿಹೊಂದುವ ಪ್ರಶ್ನೆಯನ್ನೇ ಸಂಶೋಧಕರು ಆರಿಸಿಕೊಳ್ತಾರೆ. ಅವರನ್ನು ದೂರಿ ಪ್ರಯೋಜನ ಇಲ್ಲ.

2023ರ ಕಾಯ್ದೆಯಿಂದ ಹುಟ್ಟಿದ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಎಎನ್‌ಆರ್‌ಎಫ್ ಈಗ ಎಸ್‌ಇಆರ್‌ಬಿಯ ಸ್ಥಾನದಲ್ಲಿದೆ. ಅದರ ಹಣದಲ್ಲಿ ಒಂದು ಪಾಲನ್ನಾದರೂ ಹೀಗೆ ಕೊಡಲಿ ಅನ್ನೋದು ನನ್ನ ಬೇಡಿಕೆ: ಮೊದಲ ಗಂಭೀರ ಪರಿಶೀಲನೆ 5ನೇ ವರ್ಷಕ್ಕೆ. ಆಗ ಪ್ರಬಂಧಗಳ ಎಣಿಕೆ ಬೇಡ, ಸಂಶೋಧಕರೇ ಆರಿಸಿದ ಐದನ್ನು ಪರಿಶೀಲಕರು ನಿಜವಾಗಿ ಓದಲಿ. ನವೀಕರಣ ಇಲ್ಲ ಅಂದರೆ ಕಾರಣ ಬರೆದುಕೊಡಲಿ, ಪ್ರಯೋಗಾಲಯದ ವಿದ್ಯಾರ್ಥಿಗಳು ಪಿಎಚ್‌.ಡಿ. ಮುಗಿಸೋಕೆ ಇನ್ನೆರಡು ವರ್ಷ ಇಳಿಯುತ್ತಾ ಹೋಗುವ ಹಣ ಬರಲಿ.