ತಪ್ಪಿದರೂ ಅಳಿಸಲಿಲ್ಲ

ಕೇಳುಗರಿಗೆ ನಮಸ್ಕಾರ. ಹದಿನೈದು ಹದಿನಾರರ ಹುಡುಗ ಹುಡುಗಿಯರೇ, ಇವತ್ತಿನ ಮಾತು ನಿಮಗೆ: ಹುಡುಗರು ಕಾರ್ ಶೆಡ್ಡಿನಲ್ಲಿ ಗಿಟಾರು, ಡ್ರಮ್ಮು ಬಾರಿಸಿ ಕಟ್ಟಿದ ಒರಟು ಗ್ಯಾರೇಜ್ ರಾಕ್, ಆಮೇಲೆ ಅದೇ ದಾರಿಯಲ್ಲಿ ಬಂದ ವೇಗದ, ಚುಟುಕು ಪಂಕ್. ಪಕ್ಕದ ಕೋಣೆಯಿಂದ "ಆ ಗಲಾಟೆ ನಿಲ್ಲಿಸು" ಅನ್ನುವ ಅಪ್ಪ ಅಮ್ಮ ಇದ್ದರೆ ಅವರೂ ಕೇಳಲಿ.

ನನಗೆ ಗ್ಯಾರೇಜ್ ರಾಕ್ ಸಿಕ್ಕಿದ್ದು ಹದಿನಾರನೇ ವಯಸ್ಸಿನಲ್ಲಿ, ಗೆಳೆಯ ಕೊಟ್ಟ ಕ್ಯಾಸೆಟ್ಟಿನಲ್ಲಿ. ಕೇಳಿದ ಕೂಡಲೇ ಟೇಪು ಕೆಟ್ಟಿದೆ ಅಂದುಕೊಂಡೆ. ಹೊರಗೆ ತೆಗೆದು, ಪೆನ್ಸಿಲ್ ತೂರಿಸಿ ಸುತ್ತಿ, ಮತ್ತೆ ಹಾಕಿದೆ. ಅದೇ ಗರಗರ. ಕೆಟ್ಟಿದ್ದು ಟೇಪಲ್ಲ, ಅವರು ಹಾಡಿದ್ದೇ ಹಾಗೆ!

ಹಾಡು 'ಲೂಯಿ ಲೂಯಿ'. ಮೂಲ ರಿಚರ್ಡ್ ಬೆರ್ರಿ ಅವರದು, 1957ರದು. ನಾನು ಕೇಳಿದ್ದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ 1963ರ ಏಪ್ರಿಲ್‌ನಲ್ಲಿ ಕಿಂಗ್ಸ್‌ಮೆನ್ ಅನ್ನುವ ಹುಡುಗರು ಮುದ್ರಿಸಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಮೈಕು ಎತ್ತರದಲ್ಲಿ ನೇತಾಡುತ್ತಿತ್ತು. ಹಾಡುವ ಜ್ಯಾಕ್ ಈಲಿ ಕತ್ತು ಮೇಲೆತ್ತಿ ಕಿರುಚಬೇಕಾಯಿತು. ಹಲ್ಲಿಗೆ ತಂತಿ ಬೇರೆ ಕಟ್ಟಿತ್ತು. ಗಿಟಾರಿನ ತುಣುಕು ಮುಗಿದಾಗ ಮುಂದಿನ ಸಾಲನ್ನು ಬೇಗ ಎತ್ತಿಕೊಂಡುಬಿಟ್ಟ. ತಪ್ಪು ಗೊತ್ತಾಗಿ ಗಪ್‌ಚಿಪ್. ಡ್ರಮ್ಮಿನವನು ದಡಬಡ ಬಾರಿಸಿ ಆ ತೂತು ಮುಚ್ಚಿದ. ಬೇರೆಯವರಾದರೆ ಅಳಿಸಿ ಮತ್ತೆ ಹಾಡುತ್ತಿದ್ದರು. ಇವರು ಹಾಗೇ ಬಿಟ್ಟರು. ಆ ತಪ್ಪಿನ ಸಮೇತ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಹೋಯಿತು! ಮಾತು ಅರ್ಥವಾಗುವುದಿಲ್ಲ, ಹಾಗಾದರೆ ಅಶ್ಲೀಲವೇ ಇರಬೇಕು ಅಂತ ಗುಲ್ಲೆದ್ದಿತು. ಅಮೆರಿಕ ಸರ್ಕಾರದ ತನಿಖಾ ಸಂಸ್ಥೆ ಎಫ್‌ಬಿಐ ತನಿಖೆಗೆ ಇಳಿಯಿತು. ಪ್ಲೇಟನ್ನು ಬೇರೆ ಬೇರೆ ವೇಗದಲ್ಲಿ ತಿರುಗಿಸಿ ಕೇಳಿದರು. ಯಾವ ವೇಗದಲ್ಲೂ ಏನೂ ತಿಳಿಯದು ಅಂತ ಬರೆದು ಕೈತೊಳೆದುಕೊಂಡರು. ನಾನು ಪೆನ್ಸಿಲ್ ಹಿಡಿದು ಮಾಡಿದ್ದೂ ಅದೇ ಕೆಲಸ, ಅಲ್ವಾ?

ನಾನು ಹೇಳುವುದು ಇಷ್ಟೇ: ಚೆನ್ನಾಗಿ ನುಡಿಸಲು ಬಂದ ಮೇಲೆ ತಂಡ ಕಟ್ಟೋಣ ಅಂತ ಕಾಯಬೇಡಿ. "ಮೊದಲು ಹತ್ತು ವರ್ಷ ಕಲಿ" ಅನ್ನುವವರು ಸಿಗುತ್ತಾರೆ. ಬೇರೆ ಸಂಗೀತಕ್ಕೆ ಆ ಮಾತು ಸರಿ. ಇದಕ್ಕೆ ಖಂಡಿತ ಅಲ್ಲ. ಎಷ್ಟು ಸಲ ಹೇಳಲಿ! ಗಿಟಾರಿನಲ್ಲಿ ಮೂರು ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಹಿಡಿಯಲು ಬಂದರೆ ಸಾಕು. 'ಲೂಯಿ ಲೂಯಿ'ಯಲ್ಲಿ ಇರುವುದೂ ಮೂರೇ.

ಅಯ್ಯೋ, ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಪಂಕ್‌ಗೆ ಉಳಿದಿದ್ದು ಎರಡೇ ನಿಮಿಷ. ಪರವಾಗಿಲ್ಲ, ಪಂಕ್ ಹಾಡಿಗೆ ಅದು ಜಾಸ್ತಿಯೇ. 1972ರಲ್ಲಿ ಸಂಗೀತ ಬರಹಗಾರ ಲೆನ್ನಿ ಕೇ ಇಂಥ ಗ್ಯಾರೇಜ್ ಹಾಡುಗಳನ್ನು ಆರಿಸಿ 'ನಗೆಟ್ಸ್' ಅನ್ನುವ ಜೋಡಿ ಪ್ಲೇಟಿಗೆ ಸೇರಿಸಿದರು. 1976ರಲ್ಲಿ ನ್ಯೂಯಾರ್ಕಿನ ಪಂಕ್ ತಂಡ ರಮೋನ್ಸ್ ಮೊದಲ ಆಲ್ಬಮ್ ತಂದರು: 14 ಹಾಡು, ಅರ್ಧ ಗಂಟೆಯೂ ಇಲ್ಲ. ಮರುವರ್ಷದ ಜನವರಿಯಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ತಂಡದವರು ಸಾಲ ಎತ್ತಿ ತಾವೇ ಪ್ಲೇಟು ಹೊರಡಿಸಿದರು. ಯಾರೂ ಯಾರ ಅಪ್ಪಣೆಗೂ ಕಾಯಲಿಲ್ಲ, ನೋಡಿ.

ಈಗ ಆ 'ಲೂಯಿ ಲೂಯಿ'ಯನ್ನೇ ಹಾಕಲು ಹೇಳಿದ್ದೇನೆ. ಗಿಟಾರಿನ ತುಣುಕು ಮುಗಿಯುತ್ತಿದ್ದಂತೆ ಕಿವಿ ನೆಟ್ಟಗೆ ಮಾಡಿಕೊಳ್ಳಿ. ಎಡವುವುದು ಅಲ್ಲೇ. ನಿಮ್ಮ ರೇಡಿಯೋ ಕೆಟ್ಟಿಲ್ಲ, ಸುಮ್ನೆ ತಟ್ಟಬೇಡಿ.