ಪೈಪಿಗೆ ಇಳಿಯುವ ಮೊದಲು

ಕೇಳುಗರಿಗೆ ನಮಸ್ಕಾರ. ಬಾವಿಯಿಂದ ಬರುವ ನೈಸರ್ಗಿಕ ಅನಿಲವನ್ನು ನೇರವಾಗಿ ಪೈಪ್‌ಲೈನಿಗೆ ಬಿಟ್ಟರಾಯಿತು, ಅಲ್ವಾ? ಆಗುವುದಿಲ್ಲ. ಅದರಲ್ಲಿ ಮೀಥೇನ್ ಜಾಸ್ತಿ, ನಿಜ. ಜೊತೆಗೆ ನೀರಾವಿ, ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್, ಈಥೇನ್, ಪ್ರೊಪೇನ್, ಬ್ಯೂಟೇನ್ ಇರುತ್ತವೆ. ಕೆಲವು ಕಡೆ ಚೂರು ಪಾದರಸವೂ ಉಂಟು.

ಹೈಡ್ರೋಜನ್ ಸಲ್ಫೈಡ್ ವಿಷ, ಅದಕ್ಕೆ ಎಲ್ಲರೂ ಹೆದರುತ್ತಾರೆ. ನನ್ನನ್ನು ಕೇಳಿದರೆ ದೊಡ್ಡ ತಂಟೆಕೋರ ನೀರು. ಒತ್ತಡ ಹೆಚ್ಚಿರುವ ಪೈಪಿನಲ್ಲಿ ನೀರೂ ಮೀಥೇನೂ ಸೇರಿ ಮಂಜುಗಡ್ಡೆಯಂಥ ಹರಳು ಕಟ್ಟುತ್ತವೆ. ಹೆಸರು ಹೈಡ್ರೇಟ್. ಇದಕ್ಕೆ ಸೊನ್ನೆ ಡಿಗ್ರಿಯ ಚಳಿ ಬೇಕಿಲ್ಲ, 10 ಡಿಗ್ರಿ ಸೆಲ್ಸಿಯಸ್‌ನಲ್ಲೂ ಕಟ್ಟಬಹುದು. ಪೈಪು ಮುಚ್ಚಿಹೋಗಲು ಈ ಹೈಡ್ರೇಟೇ ಕಾರಣ ಎಂದು 1934ರಲ್ಲಿ ತೋರಿಸಿದವರು ಅಮೆರಿಕದ ಹ್ಯಾಮರ್‌ಶ್ಮಿಟ್. ಸಾಲದ್ದಕ್ಕೆ, ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಕರಗಿದರೆ ಆಮ್ಲವಾಗಿ ಉಕ್ಕನ್ನೇ ತಿನ್ನುತ್ತದೆ. ಅದಕ್ಕೇ ಉತ್ತರ ಅಮೆರಿಕದ ಪೈಪ್‌ಲೈನುಗಳಲ್ಲಿ ಹತ್ತು ಲಕ್ಷ ಘನ ಅಡಿ ಅನಿಲಕ್ಕೆ 7 ಪೌಂಡ್ ನೀರು ಎಂಬ ಮಿತಿ ಸಾಮಾನ್ಯ.

ಹಾಗಾದರೆ ಮೊದಲು ನೀರನ್ನೇ ತೆಗೆಯಬೇಕಲ್ಲ? ಹರಿಯುವ ನೀರನ್ನು ಬಾವಿಯ ಹತ್ತಿರವೇ ಬೇರ್ಪಡಿಸುತ್ತಾರೆ. ಆವಿಯ ಸರದಿ ಆಮೇಲೆ. ಮೊದಲು ಅಮೀನ್ ಗೋಪುರ. ಅಮೀನ್ ಎಂದರೆ ಅಮೋನಿಯಾ ಬಳಗದ ಒಂದು ರಾಸಾಯನಿಕ. ಅಮೀನ್ ದ್ರಾವಣ ಮೇಲಿಂದ ಇಳಿಯುತ್ತದೆ, ಅನಿಲ ಕೆಳಗಿಂದ ಏರುತ್ತದೆ, ಆಮ್ಲ ಅನಿಲಗಳು, ಅಂದರೆ ಕಾರ್ಬನ್ ಡೈಆಕ್ಸೈಡೂ ಹೈಡ್ರೋಜನ್ ಸಲ್ಫೈಡೂ, ದ್ರಾವಣಕ್ಕೆ ಅಂಟಿಕೊಳ್ಳುತ್ತವೆ. ದ್ರಾವಣವನ್ನು ಕಾಯಿಸಿದರೆ ಅವನ್ನು ಬಿಟ್ಟುಕೊಟ್ಟು ಮತ್ತೆ ಕೆಲಸಕ್ಕೆ ಬರುತ್ತದೆ. ಆದರೆ ಆ ದ್ರಾವಣದಲ್ಲಿ ನೀರೇ ಜಾಸ್ತಿ. ಅನಿಲ ಶುದ್ಧವಾಗಿ, ಒದ್ದೆಯಾಗಿ ಹೊರಬರುತ್ತದೆ. ಮೊದಲೇ ಒಣಗಿಸಿದ್ದರೆ ಸುಮ್ನೆ ದಂಡ. ಹಾಗಾಗಿ ಟ್ರೈಈಥಿಲೀನ್ ಗ್ಲೈಕಾಲ್ ನೀರು ಹೀರುವ ಗೋಪುರ ಅಮೀನ್ ಆದ ಮೇಲೆ.

ಇನ್ನು ಈಥೇನ್, ಪ್ರೊಪೇನ್ ಬಳಗ. ಭಾರದವು ಪೈಪಿನಲ್ಲೇ ದ್ರವವಾಗಿ ಇಳಿದರೆ ಕಂಪ್ರೆಸರ್‌ಗೆ ಪೆಟ್ಟು. ಈಥೇನನ್ನೂ ಹಿಡಿಯಬೇಕೆಂದರೆ ಅನಿಲವನ್ನು ಸೊನ್ನೆಗಿಂತ ಸುಮಾರು 90 ಡಿಗ್ರಿ ಕೆಳಕ್ಕೆ ತಣಿಸಬೇಕು. ಟರ್ಬೊಎಕ್ಸ್‌ಪಾಂಡರ್ ಎಂಬ ಯಂತ್ರದಲ್ಲಿ ಅನಿಲ ಹಿಗ್ಗುತ್ತಾ ಚಕ್ರ ತಿರುಗಿಸಿ ತಾನೇ ತಣ್ಣಗಾಗುತ್ತದೆ. ಇಷ್ಟು ಚಳಿಗೆ ಗ್ಲೈಕಾಲ್ ಒಣಗಿಸಿದ್ದು ಸಾಲದು, ಮಾಲಿಕ್ಯುಲರ್ ಸೀವ್, ಅಂದರೆ ಅತಿ ಸಣ್ಣ ರಂಧ್ರಗಳಲ್ಲಿ ನೀರನ್ನು ಹಿಡಿದಿಡುವ ಘನವಸ್ತು, ಬೇಕು. ಪಾದರಸವನ್ನೂ ಮೊದಲೇ ತೆಗೆಯಬೇಕು. ಇಲ್ಲದಿದ್ದರೆ ಅಲ್ಯೂಮಿನಿಯಂ ಶಾಖ ವಿನಿಮಯಕ ಹಾಳಾಗುತ್ತದೆ. ಸಿಕ್ಕ ದ್ರವವನ್ನು ಕುದಿಬಿಂದುವಿನ ಪ್ರಕಾರ ಬೇರೆ ಮಾಡುತ್ತಾರೆ: ಈಥೇನ್ ಮೈನಸ್ 89, ಪ್ರೊಪೇನ್ ಮೈನಸ್ 42, ಬ್ಯೂಟೇನ್ ಸೊನ್ನೆಯ ಹತ್ತಿರ.

ಇಲ್ಲಿ ವ್ಯಾಪಾರವೂ ನುಸುಳುತ್ತದೆ. ಈಥೇನ್ ಬೆಲೆ ಬಿದ್ದಾಗ ಅದನ್ನು ಬೇರ್ಪಡಿಸದೆ ಅನಿಲದಲ್ಲೇ ಬಿಟ್ಟು, ಉರುವಲಿನ ಲೆಕ್ಕದಲ್ಲಿ ಮಾರುತ್ತಾರೆ. ಎಷ್ಟು ಬಿಡಬಹುದು ಎನ್ನುವುದನ್ನು ಪೈಪ್‌ಲೈನಿನವರು ಹಾಕಿದ ಶಾಖಮೌಲ್ಯದ (ಅನಿಲ ಉರಿದಾಗ ಕೊಡುವ ಶಾಖದ) ಮಿತಿ ತೀರ್ಮಾನಿಸುತ್ತದೆ. ನಮಸ್ಕಾರ.