ಗೋಲ್ಡೋ, ಸಿಲ್ವರೋ, ಬ್ರಾಂಜೋ: ಆಸ್ಟ್ರೇಲಿಯಾದಲ್ಲಿ ಆಸ್ಪತ್ರೆ ವಿಮೆ ಆರಿಸುವ ಮುನ್ನ

ಕೇಳುಗರೆಲ್ಲರಿಗೂ ನಮಸ್ಕಾರ.

ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಖಾಸಗಿ ಆಸ್ಪತ್ರೆ ವಿಮೆಯ ಮಾತು ಬರುವುದು ಹೆಚ್ಚಾಗಿ ಜೂನ್ ತಿಂಗಳಲ್ಲಿ, ತೆರಿಗೆಯ ನೆಪದಲ್ಲಿ. ವಿಮೆ ಇಲ್ಲದವರ ಮೇಲೆ ಬೀಳುವ ಹೆಚ್ಚುವರಿ ತೆರಿಗೆ, ಅಂದರೆ ಸರ್ಚಾರ್ಜ್, ತಪ್ಪಿದರೆ ಸಾಕು ಎಂದು ಅಗ್ಗದ ಪಾಲಿಸಿಯೊಂದನ್ನು ಕೊಂಡು ಬದಿಗಿಟ್ಟುಬಿಡುತ್ತಾರೆ. ಅದನ್ನು ಬಿಚ್ಚಿ ಓದುವುದು ಡಾಕ್ಟರು ಆಪರೇಷನ್ ಆಗಬೇಕು ಎಂದ ದಿನ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಆಗಲೇ ಕಾಣಿಸಿಕೊಂಡ ತೊಂದರೆಗೆ ಹೊಸದಾಗಿ ರಕ್ಷಣೆ ಸೇರಿಸಿದರೆ 12 ತಿಂಗಳು ಕಾಯಬೇಕು. ಆದ್ದರಿಂದ ಮುಂದಿನ ಎರಡು ಮೂರು ವರ್ಷಗಳಲ್ಲಿ ಮನೆಯವರಿಗೆ ಯಾವ ಚಿಕಿತ್ಸೆ ಬೇಕಾಗಬಹುದು ಎಂದು ಈಗಲೇ ಯೋಚಿಸಿ ಮಟ್ಟ ಆರಿಸಬೇಕು. ಪಾಲಿಸಿಯ ಹೆಸರಿನಲ್ಲಿರುವ ಲೋಹ ನೋಡಿ ಆರಿಸಬಾರದು.

ಮೊದಲು ತೆರಿಗೆಯ ವಿಷಯ ಮುಗಿಸಿಬಿಡೋಣ. 2025-26ರ ಆರ್ಥಿಕ ವರ್ಷದಲ್ಲಿ ಒಬ್ಬರೇ ಇರುವವರ ಆದಾಯ 1,01,000 ಡಾಲರ್, ಕುಟುಂಬದ ಒಟ್ಟು ಆದಾಯ 2,02,000 ಡಾಲರ್ ದಾಟಿದ್ದು ಆಸ್ಪತ್ರೆ ವಿಮೆ ಇಲ್ಲದಿದ್ದರೆ ಮೆಡಿಕೇರ್ ಲೆವಿ ಸರ್ಚಾರ್ಜ್ ಬೀಳುತ್ತದೆ. ಮೆಡಿಕೇರ್ ಎಂದರೆ ಸರ್ಕಾರದ ಸಾರ್ವಜನಿಕ ಆರೋಗ್ಯ ವಿಮೆ. ಆದಾಯಕ್ಕೆ ತಕ್ಕಂತೆ ಶೇಕಡಾ 1, 1.25 ಅಥವಾ 1.5. ಇದನ್ನು ವಿಮೆ ಇಲ್ಲದ ದಿನಗಳಿಗೆ ಲೆಕ್ಕ ಹಾಕುತ್ತಾರೆ, ಹಾಗಾಗಿ ಜೂನ್‌ನಲ್ಲಿ ಪಾಲಿಸಿ ಕೊಂಡರೆ ಉಳಿಯುವುದು ಜೂನ್‌ನ ಪಾಲು ಮಾತ್ರ. ಹಲ್ಲು, ಕನ್ನಡಕಕ್ಕೆ ಸಿಗುವ ಎಕ್ಸ್‌ಟ್ರಾಸ್ ಒಂದೇ ಇದ್ದರೆ ಲೆಕ್ಕಕ್ಕಿಲ್ಲ. ಗಂಡನಿಗೆ ಪಾಲಿಸಿ ಇದ್ದು ಹೆಂಡತಿ, ಮಕ್ಕಳಿಗೆ ಇಲ್ಲದಿದ್ದರೂ ಸರ್ಚಾರ್ಜ್ ತಪ್ಪುವುದಿಲ್ಲ. ಎಕ್ಸೆಸ್, ಅಂದರೆ ಆಸ್ಪತ್ರೆ ಸೇರಿದಾಗ ಮೊದಲು ನೀವೇ ಕಟ್ಟಬೇಕಾದ ಮೊತ್ತ, ಅದು ಕೂಡ ಒಬ್ಬರಿಗೆ ವರ್ಷಕ್ಕೆ 750, ಕುಟುಂಬಕ್ಕೆ 1,500 ಡಾಲರ್ ಮೀರುವಂತಿಲ್ಲ.

ಹೊಸದಾಗಿ ಬಂದವರು ಗಮನಿಸಲೇಬೇಕಾದ ಇನ್ನೊಂದು ನಿಯಮ ಲೈಫ್‌ಟೈಮ್ ಹೆಲ್ತ್ ಕವರ್ ಲೋಡಿಂಗ್. 31ನೇ ಹುಟ್ಟುಹಬ್ಬದ ನಂತರದ ಜುಲೈ 1ರೊಳಗೆ ಆಸ್ಪತ್ರೆ ವಿಮೆ ತೆಗೆದುಕೊಳ್ಳದಿದ್ದರೆ, 30ರ ಮೇಲಿನ ಪ್ರತಿ ವರ್ಷಕ್ಕೆ ಪ್ರೀಮಿಯಂ ಮೇಲೆ ಶೇಕಡಾ 2 ಹೆಚ್ಚುವರಿ. 40ಕ್ಕೆ ಸೇರಿದವರಿಗೆ ಶೇಕಡಾ 20, ಗರಿಷ್ಠ ಶೇಕಡಾ 70. 10 ವರ್ಷ ಬಿಡದೆ ಕಟ್ಟಿದ ಮೇಲೆ ಅದು ಹೋಗುತ್ತದೆ. 31 ದಾಟಿದ ಮೇಲೆ ವಲಸೆ ಬಂದವರಿಗೆ ಪೂರ್ಣ ಮೆಡಿಕೇರ್‌ಗೆ ನೋಂದಾಯಿಸಿದ ದಿನದಿಂದ 12 ತಿಂಗಳ ಅವಕಾಶವಿದೆ. ಪಿಆರ್, ಅಂದರೆ ಕಾಯಂ ವಾಸದ ಅರ್ಜಿ ಹಾಕಿದಾಗ ಸಿಗುವ ನೀಲಿ ಮಧ್ಯಂತರ ಮೆಡಿಕೇರ್ ಕಾರ್ಡ್‌ನಿಂದಲೇ ಈ ಗಡುವು ಶುರುವಾಗುತ್ತದೆ. ಹಸಿರು ಮೆಡಿಕೇರ್ ಕಾರ್ಡ್ ಬರಲಿ ಎಂದು ಕಾಯುತ್ತಾ ಕೂತರೆ ಗಡುವು ದಾಟಿಹೋಗಬಹುದು.

ಇನ್ನು ಮಟ್ಟಗಳಿಗೆ ಬರೋಣ. ಸರ್ಕಾರ ಆಸ್ಪತ್ರೆ ಚಿಕಿತ್ಸೆಗಳನ್ನು 38 ವಿಭಾಗಗಳಾಗಿ ಮಾಡಿ, ಬೇಸಿಕ್, ಬ್ರಾಂಜ್, ಸಿಲ್ವರ್, ಗೋಲ್ಡ್ ಎಂಬ ನಾಲ್ಕು ಮಟ್ಟಗಳಲ್ಲಿ ಕನಿಷ್ಠ ಏನೇನು ಇರಬೇಕೆಂದು ನಿಗದಿ ಮಾಡಿದೆ. ಯಾವ ಫಂಡ್‌ಗೆ, ಅಂದರೆ ವಿಮಾ ಸಂಸ್ಥೆಗೆ ಹೋದರೂ ಈ ಕನಿಷ್ಠ ಒಂದೇ.

ಬೇಸಿಕ್‌ನಲ್ಲಿ ಕಡ್ಡಾಯವಾಗಿರುವುದು ಮೂರೇ ವಿಭಾಗ: ಪುನಶ್ಚೇತನ, ಮಾನಸಿಕ ಚಿಕಿತ್ಸೆ, ಉಪಶಾಮಕ ಆರೈಕೆ. ಅವೂ ನಿರ್ಬಂಧಿತ. ಅಂದರೆ ಸಾರ್ವಜನಿಕ ಆಸ್ಪತ್ರೆಯ ವಾರ್ಡಿಗೆ ಸಾಲುವಷ್ಟು ಹಣವನ್ನಷ್ಟೇ ಫಂಡ್ ಕೊಡುತ್ತದೆ, ಖಾಸಗಿ ಆಸ್ಪತ್ರೆಗೆ ಹೋದರೆ ಉಳಿದ ದೊಡ್ಡ ಮೊತ್ತ ನಿಮ್ಮದೇ. ತೆರಿಗೆ ಉಳಿಸುವುದಕ್ಕೆ ಬೇಸಿಕ್ ಆದೀತು, ಚಿಕಿತ್ಸೆಗೆ ಅದನ್ನು ನಂಬಿಕೊಳ್ಳಬೇಡಿ.

ಬ್ರಾಂಜ್ ಇದಕ್ಕೆ 18 ವಿಭಾಗಗಳನ್ನು ಸೇರಿಸುತ್ತದೆ. ಹರ್ನಿಯಾ, ಅಪೆಂಡಿಕ್ಸ್, ಟಾನ್ಸಿಲ್, ಮೂತ್ರಕೋಶ, ಸ್ತ್ರೀರೋಗ, ಎಂಡೋಸ್ಕೋಪಿ, ಕ್ಯಾನ್ಸರಿನ ಕೀಮೋಥೆರಪಿ ಎಲ್ಲ ಇದರಲ್ಲಿ ಬರುತ್ತವೆ. ಆದರೆ ಹೃದಯ ಮತ್ತು ರಕ್ತನಾಳ ಇದರಲ್ಲಿ ಕಡ್ಡಾಯವಲ್ಲ, ಅದು ಸಿಲ್ವರ್‌ನಲ್ಲಿ ಬರುತ್ತದೆ. ದಕ್ಷಿಣ ಏಷ್ಯಾ ಮೂಲದವರಲ್ಲಿ ಹೃದ್ರೋಗ ಉಳಿದವರಿಗಿಂತ ಚಿಕ್ಕ ವಯಸ್ಸಿನಲ್ಲೇ ಕಾಣಿಸಿಕೊಳ್ಳುವುದು ತಿಳಿದ ವಿಷಯ. ತಂದೆಗೋ ಅಣ್ಣನಿಗೋ ಸ್ಟೆಂಟ್ ಹಾಕಿದ್ದರೆ, ನಿಮಗೆ ಸಕ್ಕರೆ, ಬಿಪಿ ಇದ್ದರೆ, 40 ದಾಟಿದ ಮೇಲೆ ಬ್ರಾಂಜ್ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಎದೆನೋವು ಬಂದ ತುರ್ತಿನಲ್ಲಿ ಸಾರ್ವಜನಿಕ ಆಸ್ಪತ್ರೆ ಮೆಡಿಕೇರ್ ಮೇಲೆ ನೋಡಿಕೊಳ್ಳುತ್ತದೆ, ಅದರಲ್ಲಿ ಅನುಮಾನ ಬೇಡ. ದಿನ ಗೊತ್ತುಮಾಡಿಕೊಂಡು, ನಿಮ್ಮದೇ ಡಾಕ್ಟರ ಕೈಯಲ್ಲಿ ಮಾಡಿಸಿಕೊಳ್ಳುವ ಚಿಕಿತ್ಸೆಗೆ ಈ ವಿಮೆ ಬೇಕು. ಬೆನ್ನು, ಕುತ್ತಿಗೆ, ಬೆನ್ನುಮೂಳೆ, ಶ್ವಾಸಕೋಶವೂ ಸಿಲ್ವರ್‌ನಲ್ಲೇ.

ಹೆಸರು ಓದಿ ಮೋಸಹೋಗುವ ಜಾಗಗಳೂ ಇವೆ. ಬ್ರಾಂಜ್‌ನಲ್ಲಿ ಕಣ್ಣು ಎಂದಿದೆ, ಆದರೆ ಕಣ್ಣಿನ ಪೊರೆಯ ಆಪರೇಷನ್ ಗೋಲ್ಡ್‌ಗೆ ಸೇರಿದ್ದು. ಮಂಡಿಯ ಹರಿದ ಲಿಗಮೆಂಟ್ ಸರಿಮಾಡುವುದು ಬ್ರಾಂಜ್, ಅದೇ ಮಂಡಿ ಬದಲಿಸುವುದು ಗೋಲ್ಡ್. ಮಧುಮೇಹದ ಆರೈಕೆ ಬ್ರಾಂಜ್, ಇನ್ಸುಲಿನ್ ಪಂಪ್ ಗೋಲ್ಡ್. ಹೆರಿಗೆ, ಐವಿಎಫ್, ಡಯಾಲಿಸಿಸ್, ತೂಕ ಇಳಿಸುವ ಆಪರೇಷನ್, ನಿದ್ರೆಯ ಪರೀಕ್ಷೆ, ಇವೂ ಗೋಲ್ಡ್‌ನವೇ.

ಹಾಗೆಂದು 55 ದಾಟಿದ ದಂಪತಿ ಗೋಲ್ಡನ್ನೇ ಕೊಳ್ಳಬೇಕಿಲ್ಲ. ಪ್ಲಸ್ ಎಂಬ ಪಾಲಿಸಿಗಳಿವೆ. ಸಿಲ್ವರ್ ಪ್ಲಸ್‌ನಲ್ಲಿ ಕೆಲವು ಫಂಡ್‌ಗಳು ಕಣ್ಣಿನ ಪೊರೆ ಮತ್ತು ಕೀಲು ಬದಲಾವಣೆಯನ್ನು ಸೇರಿಸಿ ಹೆರಿಗೆ, ಐವಿಎಫ್ ಬಿಟ್ಟಿರುತ್ತವೆ. ಬೇಡದ ಹೆರಿಗೆಗೆ ದುಡ್ಡು ಕಟ್ಟದೆ ಬೇಕಾದ್ದನ್ನು ಪಡೆಯುವ ದಾರಿ ಇದು. ಯಾವುದನ್ನು ಸೇರಿಸಬೇಕೆಂಬುದು ಫಂಡ್‌ನ ಇಷ್ಟ, ಆದ್ದರಿಂದ ಎರಡು ಸಿಲ್ವರ್ ಪ್ಲಸ್‌ಗಳು ಒಂದೇ ಎಂದುಕೊಳ್ಳಬೇಡಿ. ಪ್ರತಿ ಪಾಲಿಸಿಗೂ ಮಾಹಿತಿ ಪತ್ರ ಇರುತ್ತದೆ. ಅದರಲ್ಲಿ ಒಂದೊಂದು ವಿಭಾಗದ ಎದುರಿಗೂ ಇದೆ, ಇಲ್ಲ ಅಥವಾ ನಿರ್ಬಂಧಿತ ಎಂದು ಗುರುತಿದೆ. ಅದನ್ನು ಪೆನ್ ಹಿಡಿದು ಓದಿ.

ಮಗುವಿನ ಯೋಚನೆಯಲ್ಲಿರುವವರು ತಿಂಗಳ ಲೆಕ್ಕ ಹಾಕಲೇಬೇಕು. ಹೆರಿಗೆಗೆ ಕಾಯುವ ಅವಧಿ 12 ತಿಂಗಳು, ಅದು ಹೆರಿಗೆಗೆ ಆಸ್ಪತ್ರೆ ಸೇರುವ ದಿನಕ್ಕೆ ಮುಗಿದಿರಬೇಕು. ಬಸಿರಾಗುವುದಕ್ಕೆ ಮೂರು ತಿಂಗಳ ಮುಂಚೆಯಾದರೂ ಗೋಲ್ಡ್‌ಗೆ ಸೇರಿರಬೇಕು. ನನ್ನನ್ನು ಕೇಳಿದರೆ ಐದು ತಿಂಗಳು ಒಳ್ಳೆಯದು. ಮಗು ಅವಧಿಗೆ ಮುಂಚೆ ಹುಟ್ಟಿ, ಆ ದಿನಕ್ಕೆ 12 ತಿಂಗಳು ತುಂಬಿಲ್ಲದಿದ್ದರೆ ಖರ್ಚು ನಿಮ್ಮ ಮೇಲೆ ಬೀಳುತ್ತದೆ. ಮಗುವನ್ನು ವಿಶೇಷ ಆರೈಕೆ ಘಟಕಕ್ಕೆ ಸೇರಿಸಿದರೆ ಅದು ಬೇರೆಯೇ ಒಬ್ಬ ರೋಗಿ. ಅದಕ್ಕೆ ಫ್ಯಾಮಿಲಿ ಪಾಲಿಸಿ ಬೇಕು. ಸಿಂಗಲ್ ಪಾಲಿಸಿಯನ್ನು ಯಾವಾಗ ಬದಲಿಸಬೇಕು ಎಂಬುದು ಫಂಡ್‌ನಿಂದ ಫಂಡ್‌ಗೆ ಬೇರೆ, ಬಸಿರು ಖಚಿತವಾದ ಕೂಡಲೇ ಫೋನ್ ಮಾಡಿ ಕೇಳಿ. ಆಸ್ಪತ್ರೆಯ ಹೊರಗೆ ನಡೆಯುವ ತಪಾಸಣೆ, ಸ್ಕ್ಯಾನ್, ಪ್ರಸೂತಿ ತಜ್ಞರ ಕ್ಲಿನಿಕ್ ಫೀಸು ಯಾವ ಆಸ್ಪತ್ರೆ ವಿಮೆಯಲ್ಲೂ ಬರುವುದಿಲ್ಲ.

ಉಳಿದ ಹೆಚ್ಚಿನ ಚಿಕಿತ್ಸೆಗಳಿಗೆ ಕಾಯುವುದು 2 ತಿಂಗಳು. ಸೇರುವ ಹಿಂದಿನ 6 ತಿಂಗಳಲ್ಲಿ ಲಕ್ಷಣ ಇದ್ದ ಕಾಯಿಲೆಗೆ 12 ತಿಂಗಳು. ಡಾಕ್ಟರು ಹೆಸರಿಟ್ಟಿರಲಿ ಬಿಡಲಿ, ಲಕ್ಷಣ ಇತ್ತೇ ಎಂಬುದನ್ನು ಫಂಡ್ ನೇಮಿಸಿದ ವೈದ್ಯರು ತೀರ್ಮಾನಿಸುತ್ತಾರೆ. ಮಾನಸಿಕ ಚಿಕಿತ್ಸೆ, ಪುನಶ್ಚೇತನ, ಉಪಶಾಮಕ ಆರೈಕೆಗೆ ಮಾತ್ರ ಹಳೆಯ ಕಾಯಿಲೆಯಾದರೂ 2 ತಿಂಗಳೇ.

ಸರಿಯಾದ ಮಟ್ಟ ಇದ್ದರೂ ಬಿಲ್ ಬರುವುದು ಗ್ಯಾಪ್‌ನಿಂದ, ಅಂದರೆ ಡಾಕ್ಟರು ಕೇಳುವ ಹಣಕ್ಕೂ ಮೆಡಿಕೇರ್ ಮತ್ತು ಫಂಡ್ ಕೊಡುವ ಹಣಕ್ಕೂ ಇರುವ ವ್ಯತ್ಯಾಸದಿಂದ. ಲೆಕ್ಕ ಹೀಗೆ: ಒಂದು ಆಪರೇಷನ್‌ಗೆ ಸರ್ಕಾರದ ನಿಗದಿತ ದರ 1,000 ಡಾಲರ್ ಎಂದುಕೊಳ್ಳಿ. ಖಾಸಗಿ ರೋಗಿಗೆ ಮೆಡಿಕೇರ್ 750 ಕೊಡುತ್ತದೆ, ಫಂಡ್ 250. ಸರ್ಜನ್ 1,800 ಕೇಳಿದರೆ 800 ನಿಮ್ಮದು. ಸರ್ಜನ್ ನಿಮ್ಮ ಫಂಡ್‌ನ ಗ್ಯಾಪ್ ಯೋಜನೆಗೆ ಒಪ್ಪಿದರೆ ಇದು ಕಡಿಮೆಯಾಗುತ್ತದೆ, ಕೆಲವೊಮ್ಮೆ ಪೂರ್ತಿ ಹೋಗುತ್ತದೆ. ಆದರೆ ಒಪ್ಪುವುದು ಬಿಡುವುದು ಅವರಿಗೆ ಬಿಟ್ಟಿದ್ದು. ಗೋಲ್ಡ್ ಇದೆ ಎಂದ ಮಾತ್ರಕ್ಕೆ ಗ್ಯಾಪ್ ತಪ್ಪುವುದಿಲ್ಲ. ಸರ್ಜನ್ ಒಪ್ಪಿದರೂ ಅರಿವಳಿಕೆ ತಜ್ಞರು, ಸಹಾಯಕ ಸರ್ಜನ್ ಬೇರೆ ಬಿಲ್ ಕಳಿಸುತ್ತಾರೆ.

ಆದ್ದರಿಂದ ದಿನ ಗೊತ್ತುಮಾಡುವ ಮುಂಚೆ ಸರ್ಜನ್ ಕಚೇರಿಯಿಂದ ಐಟಂ ನಂಬರುಗಳನ್ನು, ಅಂದರೆ ಒಂದೊಂದು ಚಿಕಿತ್ಸೆಗೂ ಸರ್ಕಾರ ಕೊಟ್ಟಿರುವ ಸಂಖ್ಯೆಗಳನ್ನು ಬರೆಸಿಕೊಳ್ಳಿ. ಫಂಡ್‌ಗೆ ಫೋನ್ ಮಾಡಿ ಆ ನಂಬರು ಓದಿ ಹೇಳಿ: ಇದು ನನ್ನ ಪಾಲಿಸಿಯಲ್ಲಿದೆಯೇ, ಕಾಯುವ ಅವಧಿ ಮುಗಿದಿದೆಯೇ, ಈ ಆಸ್ಪತ್ರೆಯೊಂದಿಗೆ ನಿಮ್ಮ ಒಪ್ಪಂದ ಇದೆಯೇ, ಎಕ್ಸೆಸ್ ಎಷ್ಟು. ಒಪ್ಪಂದವಿಲ್ಲದ ಆಸ್ಪತ್ರೆಯಾದರೆ ಕೋಣೆ, ಥಿಯೇಟರ್ ಖರ್ಚಿನ ದೊಡ್ಡ ಭಾಗ ನಿಮ್ಮ ತಲೆಗೇ ಬರುತ್ತದೆ. ವೈದ್ಯರ ಅಂದಾಜು ವೆಚ್ಚವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ, ಕೇಳಲು ಸಂಕೋಚ ಬೇಡ.

ಪ್ರೀಮಿಯಂ ತಗ್ಗಿಸಬೇಕಾದರೆ ಮಟ್ಟ ಇಳಿಸುವ ಮುಂಚೆ ಎಕ್ಸೆಸ್ ಏರಿಸಿ ನೋಡಿ. 750 ಡಾಲರ್ ಎಕ್ಸೆಸ್ ಇರುವ ಸಿಲ್ವರ್, ಎಕ್ಸೆಸ್ ಇಲ್ಲದ ಬ್ರಾಂಜ್‌ಗಿಂತ ಮೇಲು. ಒಂದು ಕಷ್ಟದ ದಿನ 750 ಹೊಂದಿಸಬಹುದು, ವಿಮೆಯಲ್ಲೇ ಇಲ್ಲದ ಹೃದಯದ ಆಪರೇಷನ್ ಖರ್ಚು ಹೊಂದಿಸುವುದು ಕಷ್ಟ. ಆಂಬುಲೆನ್ಸ್ ಮೆಡಿಕೇರ್‌ನಲ್ಲಿಲ್ಲ, ಕ್ವೀನ್ಸ್‌ಲ್ಯಾಂಡ್, ಟಾಸ್ಮೇನಿಯಾ ನಿವಾಸಿಗಳಿಗೆ ರಾಜ್ಯವೇ ನೋಡಿಕೊಳ್ಳುತ್ತದೆ, ಉಳಿದವರು ಪಾಲಿಸಿಯಲ್ಲಿ ಇದೆಯೇ ನೋಡಿ.

ಹೋಲಿಸಿ ನೋಡಲು ಪ್ರೈವೇಟ್ ಹೆಲ್ತ್ ಡಾಟ್ ಗವ್ ಡಾಟ್ ಎಯು ಎಂಬ ಸರ್ಕಾರಿ ತಾಣವಿದೆ. ಎಲ್ಲ ಫಂಡ್‌ಗಳ ಪಾಲಿಸಿಗಳೂ ಅಲ್ಲಿವೆ. ಫಂಡ್ ಬದಲಿಸುವುದಾದರೆ ಹಳೆಯದನ್ನು ಮೊದಲು ರದ್ದು ಮಾಡಬೇಡಿ. ಹೊಸದಕ್ಕೆ ಸೇರಿ, ಹಳೆಯ ಫಂಡ್‌ನಿಂದ ಕ್ಲಿಯರೆನ್ಸ್ ಸರ್ಟಿಫಿಕೇಟ್, ಅಂದರೆ ನಿಮ್ಮ ಹಿಂದಿನ ವಿಮೆಯ ದಾಖಲೆ ತರಿಸಿಕೊಳ್ಳಲು ಹೊಸ ಫಂಡ್‌ಗೆ ಹೇಳಿ. ಮಧ್ಯೆ ಒಂದು ದಿನವೂ ಬಿಡುವಾಗದಂತೆ ತಾರೀಖು ಹೊಂದಿಸಿದರೆ, ಅದೇ ಮಟ್ಟದಲ್ಲಿ ಕಾದು ಮುಗಿಸಿದ ಅವಧಿಯನ್ನು ಮತ್ತೆ ಕಾಯಬೇಕಿಲ್ಲ. ಪ್ರೀಮಿಯಂ ಸಾಮಾನ್ಯವಾಗಿ ಏಪ್ರಿಲ್ 1ಕ್ಕೆ ಏರುತ್ತದೆ, ಅದಕ್ಕೆ ಮುಂಚೆ ಫಂಡ್‌ನಿಂದ ಪತ್ರ ಬರುತ್ತದೆ. ಅದರಲ್ಲಿ ಹೊಸ ದರದ ಜೊತೆಗೆ ಯಾವುದಾದರೂ ಚಿಕಿತ್ಸೆಯನ್ನು ಪಾಲಿಸಿಯಿಂದ ತೆಗೆದಿದ್ದಾರೆಯೇ ಎಂದೂ ಓದಿ. ತೆಗೆದಿದ್ದರೆ ಆ ವಾರವೇ ಫಂಡ್‌ಗೆ ಫೋನ್ ಮಾಡಿ.

ನಮಸ್ಕಾರ.